ಹಳೇ ಕಾರಿನ ವೈಪರ್ ಲೂಸಾಗಿದೆಯೇ? ಬಿಗಿ ಮಾಡೋದೋ, ಬುಷ್ ಹಾಕಿಸೋದೋ, ಪೂರ್ತಿ ಬದಲಿಸೋದೋ

ವೈಪರ್ ಲೂಸಾಗಿದೆ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರೋ ಮೊದಲ ಮಾತು "ಬ್ಲೇಡ್ ಚೇಂಜ್ ಮಾಡಿಸಿಬಿಡಿ" ಅನ್ನೋದೇ. ಅಂಗಡಿಯವರಿಗೂ ಅದು ಸುಲಭ, ನಮಗೂ ಸುಲಭ. ಐದು ನಿಮಿಷದ ಕೆಲಸ, ಕೆಲವು ನೂರು ರೂಪಾಯಿ ಖರ್ಚು. ಆದರೆ ಹಳೇ ಕಾರಿನಲ್ಲಿ ಸಡಿಲ ಇರೋದು ಬ್ಲೇಡಿನಲ್ಲೇ ಅಂತ ಯಾವ ಗ್ಯಾರಂಟಿಯೂ ಇಲ್ಲ. ಬ್ಲೇಡು, ಅದನ್ನು ಹಿಡಿದಿರೋ ಆರ್ಮ್, ಆರ್ಮ್ ಕೂತಿರೋ ಸಣ್ಣ ಹಲ್ಲುಗಳ ತಿರುಗೋ ಕಡ್ಡಿ (ಸ್ಪಿಂಡಲ್), ಅದನ್ನು ಮೋಟರಿಗೆ ಜೋಡಿಸೋ ಬಾನೆಟ್ ಅಡಿಯ ರಾಡುಗಳು (ಲಿಂಕೇಜ್), ಅದನ್ನು ಆಡಿಸೋ ಮೋಟರು, ಇವುಗಳಲ್ಲಿ ಎಲ್ಲಿ ಬೇಕಾದರೂ ಪ್ಲೇ, ಅಂದರೆ ಸಡಿಲ, ಬಂದಿರಬಹುದು. ಒಂದೊಂದಕ್ಕೂ ಮದ್ದು ಬೇರೆ, ಖರ್ಚು ಬೇರೆ. ಸ್ಪಿಂಡಲ್ ಹತ್ತಿರ ಹಲ್ಲು ಸವೆದ ಗಾಡಿಗೆ ಎಷ್ಟು ದುಬಾರಿ ಬ್ಲೇಡ್ ಹಾಕಿದರೂ ಅದು ಅಲ್ಲಾಡುತ್ತಲೇ ಇರುತ್ತೆ. ಹಾಗಾಗಿ ಯಾವ ರಿಪೇರಿ ಒಳ್ಳೇದು ಅಂತ ಹೋಲಿಸೋ ಮೊದಲು, ಎಲ್ಲಿ ಲೂಸಾಗಿದೆ ಅನ್ನೋದನ್ನು ಗೊತ್ತು ಮಾಡಿಕೊಳ್ಳಲೇಬೇಕು.

ದಾವಣಗೆರೆ, ಚಿತ್ರದುರ್ಗದ ಗಾಡಿಗಳಿಗೆ ಈ ತೊಂದರೆ ಬರೋ ರೀತಿಯೇ ಬೇರೆ. ತೀರ್ಥಹಳ್ಳಿ, ಆಗುಂಬೆ ಕಡೆಯ ವೈಪರ್ ಮಳೆಗಾಲ ಪೂರ್ತಿ ದಿನಾ ದುಡಿಯುತ್ತೆ. ನಮ್ಮದು ವರ್ಷದ ಬಹುಪಾಲು ಬಿಸಿಲಿನಲ್ಲಿ ಕಾಯುತ್ತಾ ಮಲಗಿರುತ್ತೆ. ರಬ್ಬರು ಗಟ್ಟಿಯಾಗಿ ಗ್ಲಾಸಿಗೆ ಅಂಟಿಕೊಂಡಿರುತ್ತೆ, ಲಿಂಕೇಜಿನ ಗ್ರೀಸ್ ಒಣಗಿರುತ್ತೆ. ಹೊಳಲ್ಕೆರೆ, ಹೊಸದುರ್ಗದ ಕಡೆ ಅದಿರು ಲಾರಿ ಓಡಾಡೋ ರಸ್ತೆಗಳಲ್ಲಿ ಕೆಂಪು ಧೂಳು ಗ್ಲಾಸಿನ ಮೇಲೆ ಪದರ ಕಟ್ಟಿರುತ್ತೆ. ಆಮೇಲೆ ಭರಣಿ ಮಳೆಯೋ ಕೃತ್ತಿಕಾ ಮಳೆಯೋ ಗುಡುಗಿ ನಾಲ್ಕು ಹನಿ ಉದುರಿಸುತ್ತೆ, ನಾವು ಸ್ವಿಚ್ ಹಾಕುತ್ತೇವೆ. ಅಂಟಿಕೊಂಡ ರಬ್ಬರು ಬಿಡಲ್ಲ, ಮೋಟರು ಎಳೆಯೋದು ನಿಲ್ಲಿಸಲ್ಲ. ಇವೆರಡರ ಜಗ್ಗಾಟದಲ್ಲಿ ಅತ್ಯಂತ ಮೆತ್ತಗಿರೋ ಭಾಗ ಸವೆಯುತ್ತೆ. ನಮ್ಮಲ್ಲಿ ವೈಪರ್ ಕೆಡೋದು ಬಳಸಿ ಬಳಸಿ ಅಲ್ಲ, ಬಳಸದೇ ಇಟ್ಟು ಒಮ್ಮೆಲೇ ಎಳೆಸಿದ್ದಕ್ಕೆ.

ಒಣ ಜಿಲ್ಲೆ, ವೈಪರ್ ಎಷ್ಟು ಬೇಕಾದೀತು ಅನ್ನೋ ಅಸಡ್ಡೆ ಬೇಡ. 1933ರ ನಂತರ ಕೋಡಿಯನ್ನೇ ಕಾಣದಿದ್ದ ಹಿರಿಯೂರಿನ ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿತ್ತು. ಹಿಂಗಾರಿನಲ್ಲಿ ರಾತ್ರಿ ಹೊತ್ತು ಹಿರಿಯೂರು–ಸಿರಾ ನಡುವೆ ಹೆದ್ದಾರಿಯಲ್ಲಿ ಮಳೆಗೆ ಸಿಕ್ಕವರಿಗೆ ಗೊತ್ತು, ಎದುರಿನ ಲಾರಿಯ ಟೈಲ್ ಲೈಟ್ ಕಾಣೋದು ಬಿಡೋದು ಈ ಎರಡು ರಬ್ಬರ್ ಪಟ್ಟಿಗಳ ಮೇಲೇ ನಿಂತಿರುತ್ತೆ.

ಎಲ್ಲಿ ಲೂಸು? ಹತ್ತು ನಿಮಿಷದಲ್ಲಿ ಪತ್ತೆ

ಮೊದಲು ವೈಪರ್ ಆನ್ ಮಾಡಿ, ಸ್ವಿಚ್ಚಿನಿಂದಲೇ ಆಫ್ ಮಾಡಿ. ತಾನಾಗಿ ಕೆಳಗೆ ಬಂದು ಪಾರ್ಕ್ ಆಗಲಿ. ಆಮೇಲೆ ಇಗ್ನಿಷನ್ ಆಫ್ ಮಾಡಿ ಕೀ ತೆಗೆಯಿರಿ. ಲಿಂಕೇಜಿಗೆ ಕೈ ಹಾಕೋ ಯೋಚನೆ ಇದ್ದರೆ ವೈಪರಿನ ಫ್ಯೂಸನ್ನೂ ಕಿತ್ತಿಡಿ. ಆ ಮೋಟರು ಚಿಕ್ಕದಾದರೂ ಒಳಗೆ ವೇಗ ತಗ್ಗಿಸಿ ಬಲ ಹೆಚ್ಚಿಸೋ ವರ್ಮ್ ಗೇರ್ ಇರೋದರಿಂದ ಎಳೆತ ಜೋರು, ಬೆರಳು ಸಿಕ್ಕಿಕೊಂಡರೆ ಬಿಡಲ್ಲ.

ಈಗ ಒಂದು ಕೈಯಲ್ಲಿ ಆರ್ಮನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಬ್ಲೇಡನ್ನು ಆ ಕಡೆ ಈ ಕಡೆ ಅಲ್ಲಾಡಿಸಿ. ಆರ್ಮ್ ನಿಂತಲ್ಲೇ ನಿಂತು ಬ್ಲೇಡು ಮಾತ್ರ ಕಟಕಟ ಅಂದರೆ ತಪ್ಪು ಕ್ಲಿಪ್ಪಿನದು ಇಲ್ಲವೇ ಬ್ಲೇಡ್ ಫ್ರೇಮಿನದು. ಬ್ಲೇಡು ಗಟ್ಟಿಯಾಗಿದ್ದರೆ ಆರ್ಮಿನ ಬುಡ ಹಿಡಿದು, ನಟ್ಟಿನ ಹತ್ತಿರ, ಮೆಲ್ಲಗೆ ಆಡಿಸಿ. ಆಗ ಕಣ್ಣು ಸ್ಪಿಂಡಲಿನ ತುದಿಯ ಮೇಲಿರಲಿ. ಸ್ಪಿಂಡಲ್ ಅಲುಗದೆ ಆರ್ಮ್ ಮಾತ್ರ ಅಲುಗಿದರೆ ನಟ್ ಲೂಸಾಗಿದೆ ಇಲ್ಲವೇ ಹಲ್ಲು ಸವೆದಿದೆ. ಆರ್ಮ್, ಸ್ಪಿಂಡಲ್ ಎರಡೂ ಒಟ್ಟಿಗೆ ಸ್ವಲ್ಪ ತಿರುಗಿ ನಿಲ್ಲುತ್ತವೆ ಅಂದರೆ ಪ್ಲೇ ಇರೋದು ಕೆಳಗೆ, ಲಿಂಕೇಜಿನ ರಾಡುಗಳ ತುದಿಯ ನೈಲಾನ್ ಬಟ್ಟಲುಗಳಾದ ಬುಷ್‌ಗಳಲ್ಲಿ. ಸ್ಪಿಂಡಲ್ ತಿರುಗೋದರ ಜೊತೆಗೆ ಅಡ್ಡಡ್ಡ ವಾಲಾಡಿದರೆ ಅದು ಕೂತಿರೋ ಗೂಡೇ ಸವೆದಿದೆ. ಬಲ ಹಾಕಿ ಸುತ್ತಿಸಬೇಡಿ. ಪರೀಕ್ಷೆ ಮಾಡಲು ಹೋಗಿ ಇದ್ದ ಹಲ್ಲನ್ನೂ ಕಳೆದುಕೊಂಡ ಹಾಗಾಗುತ್ತೆ. ವಾಟರ್ ವಾಷ್‌ನಲ್ಲಿ ಹುಡುಗರು ಗ್ಲಾಸ್ ಒರೆಸೋಕೆ ವೈಪರನ್ನು ಮೇಲಕ್ಕೆ ಎತ್ತದೆ ಕೈಯಲ್ಲಿ ಅಡ್ಡಕ್ಕೆ ತಳ್ಳಿಬಿಡುತ್ತಾರೆ. ಹಳೇ ಗಾಡಿಗಳ ಹಲ್ಲು ಹೋಗೋಕೆ ಅದೊಂದು ದೊಡ್ಡ ಕಾರಣ. "ತಮ್ಮಾ, ತಳ್ಳಬೇಡ, ಎತ್ತಿ ಒರೆಸು" ಅಂತ ಮೊದಲೇ ಹೇಳಿ.

ಓಡುವಾಗಿನ ಲಕ್ಷಣಗಳೂ ಸುಳಿವು ಕೊಡುತ್ತವೆ. ಮೋಟರಿನ ಸದ್ದು ಬರುತ್ತೆ, ಒಂದು ವೈಪರ್ ಆಡುತ್ತೆ, ಇನ್ನೊಂದು ಸತ್ತಂತೆ ಬಿದ್ದಿದೆ ಅಂದರೆ ಬಿದ್ದಿರೋ ಕಡೆಯ ಸ್ಪಿಂಡಲ್ ನೋಡಿ. ಸ್ಪಿಂಡಲ್ ತಿರುಗುತ್ತಿದ್ದರೆ ಹಲ್ಲು ಹೋಗಿದೆ, ತಿರುಗದಿದ್ದರೆ ಆ ಕಡೆಯ ಲಿಂಕ್ ರಾಡ್ ತಾನು ಕೂತಿರೋ ಉಕ್ಕಿನ ಗುಂಡಿನಿಂದ, ಅಂದರೆ ಬಾಲ್‌ನಿಂದ ಕಳಚಿದೆ. ಸದ್ದು ಬಂದರೂ ಎರಡೂ ಆಡುತ್ತಿಲ್ಲ ಅಂದರೆ ಮೋಟರಿನ ತುದಿಯಲ್ಲಿ ತಿರುಗೋ ಚಿಕ್ಕ ತೋಳಿನ (ಕ್ರ್ಯಾಂಕ್) ನಟ್ಟೋ ಮುಖ್ಯ ರಾಡೋ ಕಳಚಿದೆ. ಎರಡೂ ಆಡುತ್ತವೆ, ಆದರೆ ತುದಿಗೆ ಹೋಗಿ ವಾಪಸ್ ತಿರುಗುವಾಗ ಟಕ್ ಅನ್ನುತ್ತೆ, ಗ್ಲಾಸಿನ ಅಂಚು ದಾಟಿ ಪಕ್ಕದ ಪಿಲ್ಲರಿಗೆ ಬಡಿಯುತ್ತೆ ಅಂದರೆ ಬುಷ್ ಸವೆದಿದೆ. ಊರೊಳಗೆ ಚೆನ್ನಾಗಿ ಒರೆಸಿ, ಆನಗೋಡು ದಾಟಿ ಭರಮಸಾಗರದ ಬಯಲಿಗೆ ಬಂದು ಸ್ಪೀಡ್ ಏರಿಸಿದಾಗ ಮಾತ್ರ ಗ್ಲಾಸಿನಿಂದ ಎದ್ದು ಪಟಪಟ ಹೊಡೆದುಕೊಂಡರೆ ಅದು ಲೂಸಲ್ಲ, ಆರ್ಮಿನ ಸ್ಪ್ರಿಂಗ್ ಸೋತಿದೆ. ಗಾಳಿ ಫ್ಯಾನುಗಳನ್ನೇ ನೆಡುವಷ್ಟು ಗಾಳಿ ಇರೋ ದುರ್ಗದ ಸೀಮೆಯಲ್ಲಿ ಸೋತ ಸ್ಪ್ರಿಂಗ್ ಬೇಗ ಸಿಕ್ಕಿಬೀಳುತ್ತೆ.

ಬ್ಲೇಡು: ರೀಫಿಲ್, ಪೂರ್ತಿ ಬ್ಲೇಡ್, ಫ್ರೇಮಿಲ್ಲದ ಬ್ಲೇಡ್

ಅಲ್ಲಾಡುತ್ತಿರೋದು ಬ್ಲೇಡೇ ಆಗಿದ್ದರೆ ಅದೃಷ್ಟವಂತರು. ಬರೀ ರಬ್ಬರ್ ರೀಫಿಲ್ ಅತಿ ಅಗ್ಗ. ಆದರೆ ಅದು ರಬ್ಬರು ಮಾತ್ರ ಗಟ್ಟಿಯಾಗಿ, ಲೋಹದ ಫ್ರೇಮಿನ ಕೀಲುಗಳು ಬಿಗಿಯಾಗಿರೋ ಬ್ಲೇಡಿಗೆ ಸರಿ. ಫ್ರೇಮಿನ ರಿವೆಟ್‌ಗಳೇ ಆಡುತ್ತಿದ್ದರೆ ರೀಫಿಲ್ ಹಾಕೋದು ದುಡ್ಡು ದಂಡ, ಪೂರ್ತಿ ಬ್ಲೇಡ್ ತಗೊಳ್ಳಿ.

ಇಲ್ಲಿ ಅಂಗಡಿಯಲ್ಲಿ ಆಗೋ ಒಂದು ಎಡವಟ್ಟು ಹೇಳಲೇಬೇಕು. ಹಳೇ ಕಾರುಗಳ ಆರ್ಮ್ ತುದಿ ಕೊಕ್ಕೆ ಆಕಾರದ್ದು. ಆ ಕೊಕ್ಕೆಯಲ್ಲೇ ಎರಡು ಅಳತೆ ಚಾಲ್ತಿಯಲ್ಲಿವೆ. ಅಗಲ ಎರಡರದ್ದೂ 9 ಮಿಲಿಮೀಟರ್, ದಪ್ಪ ಮಾತ್ರ ಒಂದರದು 3, ಇನ್ನೊಂದರದು 4. ದಪ್ಪ ಕೊಕ್ಕೆಯ ಪ್ಲಾಸ್ಟಿಕ್ ಕ್ಲಿಪ್ಪನ್ನು ತೆಳು ಕೊಕ್ಕೆಗೆ ಹಾಕಿದರೆ ಕೂತ ಹಾಗೆ ಕಾಣುತ್ತೆ, ಕಟ್ ಅಂತ ಸದ್ದೂ ಬರುತ್ತೆ, ಆದರೆ ಒಂದು ಮಿಲಿಮೀಟರ್ ಆಟ ಉಳಿದೇ ಉಳಿಯುತ್ತೆ. ಹೊಸ ಬ್ಲೇಡ್ ಹಾಕಿದ ಮೇಲೂ ಲೂಸಾಗಿದೆ ಅನ್ನೋ ದೂರಿಗೆ ಎಷ್ಟೋ ಸಲ ಇದೇ ಕಾರಣ. ಬ್ಲೇಡ್ ಪೆಟ್ಟಿಗೆಯಲ್ಲಿ ಎರಡು ಮೂರು ಕ್ಲಿಪ್ ಬಂದಿರುತ್ತವೆ. ಸರಿಯಾದದ್ದನ್ನು ಹಾಕಿಸಿ, ಅಂಗಡಿಯ ಮುಂದೆಯೇ ಅಲ್ಲಾಡಿಸಿ ನೋಡಿ.

ಫ್ರೇಮಿಲ್ಲದ, ಬಾಗಿದ ಹೊಸ ನಮೂನೆಯ ಬ್ಲೇಡ್ ನೋಡಲು ಚೆಂದ, ಹೊಸ ಕಾರಿಗೆ ಒಳ್ಳೆಯದೂ ಹೌದು. ಮಾರುತಿ 800, ಓಮ್ನಿ, ಅಂಬಾಸಿಡರ್‌ನಂಥ ಹೆಚ್ಚು ಬಾಗಿಲ್ಲದ ಗ್ಲಾಸಿಗೆ ನಾನು ಅದನ್ನು ಹೇಳಲ್ಲ. ಆ ಬ್ಲೇಡು ಬಿಲ್ಲಿನಂತೆ ಬಾಗಿರುತ್ತೆ, ಅದನ್ನು ಗ್ಲಾಸಿನ ಮೇಲೆ ನೇರ ಕೂರಿಸಬೇಕಾದ್ದು ಆರ್ಮಿನ ಸ್ಪ್ರಿಂಗ್. ಹಳೇ ಸ್ಪ್ರಿಂಗಿಗೆ ಆ ಬಲ ಇಲ್ಲದಿದ್ದರೆ ಎರಡು ತುದಿ ಒರೆಸುತ್ತೆ, ನಡುವೆ, ಸರಿಯಾಗಿ ಕಣ್ಣಿನ ಎದುರಿಗೆ, ನೀರು ಹಾಗೇ ಉಳಿಯುತ್ತೆ. ಹಳೇ ಗಾಡಿಗೆ ಲೋಹದ ಫ್ರೇಮಿನ ಸಾದಾ ಬ್ಲೇಡೇ ವಾಸಿ.

ನಟ್ಟು ಮತ್ತು ಹಲ್ಲು: ನಿಜವಾದ ಆಯ್ಕೆ ಇರೋದು ಇಲ್ಲಿ

ಹಳೇ ಕಾರಿನ ವೈಪರ್ ಲೂಸು ಅಂದರೆ ನಾನು ಮೊದಲು ಅನುಮಾನ ಪಡೋದು ಈ ಜಾಗವನ್ನೇ. ಆರ್ಮಿನ ಬುಡದಲ್ಲಿ ಒಂದು ಪ್ಲಾಸ್ಟಿಕ್ ಕ್ಯಾಪ್ ಇರುತ್ತೆ, ಉಗುರಿನಲ್ಲೋ ಚಿಕ್ಕ ಸ್ಕ್ರೂಡ್ರೈವರಿನಲ್ಲೋ ಎತ್ತಿದರೆ ಬರುತ್ತೆ. ಒಳಗೆ ನಟ್ಟು. ಕಾರಿಗೆ ತಕ್ಕಂತೆ ಪಾನಾದ ನಂಬರು ಬದಲಾಗುತ್ತೆ, 10ರಿಂದ 14ರ ತನಕದ ಸೆಟ್ ಇದ್ದರೆ ಸಾಕು. ಕೆಲವು ತೀರಾ ಹಳೇ ಮಾದರಿಗಳಲ್ಲಿ ನಟ್ಟಿನ ಬದಲು ಕ್ಲಿಪ್ ಇರುತ್ತೆ.

ನಟ್ ಬಿಚ್ಚೋ ಮೊದಲು ಕ್ಯಾಪಿನ ಒಳಗೆ, ನಟ್ಟಿನ ಸುತ್ತ, ಬೆಳಕು ಬಿಟ್ಟು ನೋಡಿ. ಬರೀ ಕೆಂಪು ಧೂಳಿದ್ದರೆ ಖುಷಿಪಡಿ. ಬೂದು ಬಣ್ಣದ, ಬೆರಳಿಗೆ ಹತ್ತಿದರೆ ಮಿನುಗೋ ಪುಡಿ ಇದ್ದರೆ ಅದು ಆರ್ಮಿನ ಹಲ್ಲುಗಳ ಪುಡಿ. ಸ್ಪಿಂಡಲ್ ಉಕ್ಕಿನದು, ಆರ್ಮಿನ ಬುಡ ಸಾಮಾನ್ಯವಾಗಿ ಎರಕ ಹೊಯ್ದ ಮೆತ್ತನೆ ಲೋಹದ್ದು. ನಟ್ ಸ್ವಲ್ಪ ಸಡಿಲಾದರೆ ಸಾಕು, ಉಕ್ಕಿನ ಹಲ್ಲು ಮೆತ್ತನೆ ಹಲ್ಲನ್ನು ಪ್ರತಿ ಸಲ ಚೂರು ಚೂರೇ ಕೆರೆಯುತ್ತೆ. ಕಳ್ಳ ಆರ್ಮೇ, ಸ್ಪಿಂಡಲ್ ಸಾಮಾನ್ಯವಾಗಿ ನಿರಪರಾಧಿ. ಇದು ನಮಗೆ ಒಳ್ಳೆಯದೇ, ಯಾಕೆಂದರೆ ಆರ್ಮ್ ಬದಲಿಸೋದು ಸುಲಭ, ಸ್ಪಿಂಡಲ್ ಬದಲಿಸೋಕೆ ಅರ್ಧ ಮುಂಭಾಗ ಬಿಚ್ಚಬೇಕು.

ಇಲ್ಲಿ ಮೊದಲ ದಾರಿ ಬಿಗಿ ಮಾಡೋದು. ಖರ್ಚಿಲ್ಲ. ಪುಡಿ ಇಲ್ಲ, ಹಲ್ಲು ಚೂಪಾಗಿದೆ ಅಂದರೆ ಇಷ್ಟೇ ಸಾಕು. ಆದರೆ ಇದ್ದಲ್ಲೇ ನಟ್ ತಿರುಗಿಸಿ ಬಿಡಬೇಡಿ. ಪಾರ್ಕ್ ಆಗಿರೋ ಬ್ಲೇಡಿನ ಗುಂಟ ಗ್ಲಾಸಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ನಟ್ ಬಿಚ್ಚಿ, ಆರ್ಮ್ ಎತ್ತಿ, ಎರಡೂ ಕಡೆಯ ಹಲ್ಲನ್ನು ಹಳೇ ಹಲ್ಲುಜ್ಜೋ ಬ್ರಷ್ಷಿನಿಂದ ಉಜ್ಜಿ, ಟೇಪಿನ ಗುರುತಿಗೆ ಸರಿಯಾಗಿ ಮತ್ತೆ ಕೂರಿಸಿ ಬಿಗಿ ಮಾಡಿ. ಹಲ್ಲಿನ ಸಂದಿಯಲ್ಲಿ ಧೂಳಿದ್ದರೆ ನಟ್ ಬಿಗಿಯಾದ ಹಾಗೆ ಅನಿಸುತ್ತೆ, ಧೂಳು ಉದುರಿದ ಮೇಲೆ ಮತ್ತೆ ಸಡಿಲ. ನಟ್ಟಿನ ಅಡಿಗೆ ಸ್ಪ್ರಿಂಗ್ ವಾಷರ್ ಇತ್ತೋ ಇಲ್ಲವೋ ನೋಡಿ, ಎಷ್ಟೋ ಗಾಡಿಗಳಲ್ಲಿ ಹಿಂದಿನ ರಿಪೇರಿಯಲ್ಲಿ ಅದು ಮಾಯವಾಗಿರುತ್ತೆ.

ವರ್ಷಗಟ್ಟಲೆ ಬಿಚ್ಚದ ಆರ್ಮ್ ಸ್ಪಿಂಡಲಿಗೆ ಕಚ್ಚಿಕೊಂಡಿರುತ್ತೆ. ಸ್ಕ್ರೂಡ್ರೈವರ್ ತೂರಿಸಿ ಗ್ಲಾಸಿನ ಮೇಲೆ ಊರಿ ಎಬ್ಬಿಸೋ ಕೆಲಸಕ್ಕೆ ಯಾರನ್ನೂ ಬಿಡಬೇಡಿ. ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಬಿಡಿ. ನಟ್ಟನ್ನು ಪೂರ್ತಿ ತೆಗೆಯದೆ ಎರಡು ಸುತ್ತು ಉಳಿಸಿಕೊಂಡು ಆರ್ಮನ್ನು ಮೆಲ್ಲಗೆ ಆ ಕಡೆ ಈ ಕಡೆ ಕದಲಿಸಿ. ಬ್ಯಾಟರಿ ಟರ್ಮಿನಲ್ ಎಳೆಯೋ ಚಿಕ್ಕ ಪುಲ್ಲರ್ ಇಲ್ಲಿ ಚೆನ್ನಾಗಿ ನಡೆಯುತ್ತೆ. ಗ್ಲಾಸಿನ ಮೇಲೆ ದಪ್ಪ ಟವೆಲ್ ಹಾಸೋದು ಮರೆಯಬೇಡಿ. ಬ್ಲೇಡ್ ಇಲ್ಲದ ಆರ್ಮ್ ಕೈಜಾರಿ ಸ್ಪ್ರಿಂಗಿನ ರಭಸಕ್ಕೆ ಗ್ಲಾಸಿಗೆ ಬಡಿದರೆ ಬಿರುಕು ಖಚಿತ, ಅಲ್ಲಿಗೆ ವೈಪರ್ ರಿಪೇರಿ ವಿಂಡ್‌ಶೀಲ್ಡ್ ರಿಪೇರಿ ಆಗುತ್ತೆ.

ಹಲ್ಲು ಅರ್ಧ ಸವೆದಿದೆ, ನಾಳೆಯೇ ಊರಿಗೆ ಹೋಗಬೇಕು ಅನ್ನೋರಿಗೆ ಎರಡನೇ ದಾರಿ ತಗಡಿನ ಪ್ಯಾಕಿಂಗ್. ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನ್ ಕತ್ತರಿಸಿ, ಸಣ್ಣ ಪಟ್ಟಿ ಮಾಡಿ, ಸ್ಪಿಂಡಲಿಗೆ ಸುತ್ತಿ, ಮೇಲೆ ಆರ್ಮ್ ಕೂರಿಸಿ ನಟ್ ಬಿಗಿ ಮಾಡೋದು. ತಗಡು ಹಲ್ಲಿನ ಸಂದಿಗೆ ಇಳಿದು ಕಚ್ಚುತ್ತೆ. ಮಳೆಯಲ್ಲಿ ಸಿಕ್ಕಿಕೊಂಡವರನ್ನು ಮನೆ ಮುಟ್ಟಿಸೋಕೆ ಇದು ಸಾಕು. ಅದನ್ನೇ ಕಾಯಂ ರಿಪೇರಿ ಅಂತ ಬಿಟ್ಟುಕೊಂಡರೆ ಮುಂದಿನ ಜೋರು ಮಳೆಯಲ್ಲಿ ಕೈಕೊಡುತ್ತೆ. ತ್ರಿಕೋನ ಅರದಲ್ಲಿ ಹಲ್ಲನ್ನು ಇನ್ನಷ್ಟು ಆಳ ಮಾಡೋದೂ ಉಂಟು. ಆರ್ಮಿನ ಕಡೆ ಮಾಡಿದರೆ ತೊಂದರೆ ಇಲ್ಲ, ಸ್ಪಿಂಡಲಿಗೆ ಅರ ತಾಗಿಸೋದು ನನಗೆ ಒಪ್ಪಿಗೆಯಿಲ್ಲ. ಸ್ಪಿಂಡಲ್ ಕೆಟ್ಟರೆ ಹೊಸ ಆರ್ಮೂ ನಿಲ್ಲಲ್ಲ.

ಮೂರನೆಯದು ಲೇತ್‌ನವರ ದಾರಿ. ಆರ್ಮಿನ ಬುಡದ ಪಕ್ಕದಿಂದ ತೂತು ಕೊರೆದು, ಟ್ಯಾಪ್ ಹೊಡೆದು ಥ್ರೆಡ್ ಮಾಡಿ, ತಲೆಯಿಲ್ಲದ ಒಂದು ಚಿಕ್ಕ ಸ್ಕ್ರೂ (ಗ್ರಬ್ ಸ್ಕ್ರೂ) ಕೂರಿಸಿ ಸ್ಪಿಂಡಲನ್ನು ಅದುಮಿ ಹಿಡಿಸುತ್ತಾರೆ. ಆರ್ಮ್ ಎಲ್ಲೂ ಸಿಗದ ಗಾಡಿಗೆ ಇದು ಮರ್ಯಾದೆಯ ಪರಿಹಾರ. ದಾವಣಗೆರೆ ಗಿರಣಿಗಳ ಊರು, ಲೇತ್ ಕೆಲಸ ಬಲ್ಲ ಕೈಗಳಿಗೆ ಇಲ್ಲಿ ಕೊರತೆ ಇಲ್ಲ. ಬುಡದ ಲೋಹ ತೆಳುವಾಗಿದ್ದರೆ ಮಾತ್ರ ಬೇಡ, ಸೀಳುತ್ತೆ.

ಎಂ-ಸೀಲ್, ಅರಾಲ್ಡೈಟ್ ತುಂಬಿಸೋದು, ವೆಲ್ಡಿಂಗ್ ಚುಕ್ಕೆ ಇಡಿಸೋದು, ಇವೆರಡೂ ಬೇಡವೇ ಬೇಡ. ಅಂಟು ಒಂದು ಮಳೆಗಾಲ ಬಂದೀತು, ಆಮೇಲೆ ಬಿಟ್ಟುಕೊಳ್ಳುತ್ತೆ. ಬಿಟ್ಟುಕೊಳ್ಳದಿದ್ದರೆ ಇನ್ನೂ ಕಷ್ಟ, ಮುಂದೆ ಸ್ಪಿಂಡಲನ್ನು ಹೊರಗೆ ತೆಗೆಯಬೇಕಾದಾಗ ಆರ್ಮನ್ನು ಕತ್ತರಿಸಲೇಬೇಕಾಗುತ್ತೆ. ವೆಲ್ಡಿಂಗಿನ ಬಿಸಿ ಸ್ಪಿಂಡಲಿನ ಒಳಗಿನ ಬುಷ್ಷನ್ನೂ ನೀರು ತಡೆಯೋ ರಬ್ಬರನ್ನೂ ಸುಡುತ್ತೆ.

ಹೊಸ ಆರ್ಮ್ ಹಾಕೋದೇ ನನ್ನ ಆಯ್ಕೆ. ಕಾರನ್ನು ಇನ್ನೆರಡು ವರ್ಷವಾದರೂ ಇಟ್ಟುಕೊಳ್ಳೋ ಯೋಚನೆ ಇದ್ದರೆ ಬೇರೆ ಲೆಕ್ಕಾಚಾರ ಬೇಡ. ಹಲ್ಲು ಹೊಸದು, ಸ್ಪ್ರಿಂಗೂ ಹೊಸದು, ಕೀಲೂ ಹೊಸದು. ಸೋತ ಸ್ಪ್ರಿಂಗಿಗೂ ಇದೇ ಮದ್ದು, ಯಾಕೆಂದರೆ ಸ್ಪ್ರಿಂಗನ್ನು ಎಳೆದು ಕಟ್ಟೋದು, ಆರ್ಮನ್ನು ಬಗ್ಗಿಸಿ ಒತ್ತಡ ಹೆಚ್ಚಿಸೋದು ಯಾವತ್ತೂ ಸಮ ಬರಲ್ಲ. ತಗೊಳ್ಳುವಾಗ ಎಡ ಬಲ ಹೇಳಿ, ಎರಡರ ಉದ್ದ, ಬಾಗು ಒಂದೇ ಇರಬೇಕಂತಿಲ್ಲ. ಕಾರಿನ ವರ್ಷವನ್ನೂ ಹೇಳಿ. ಸ್ಯಾಂಟ್ರೋ ಉತ್ಪಾದನೆ 2014ರಲ್ಲಿ ನಿಂತು, ಅದೇ ಹೆಸರಿನ ಬೇರೆಯೇ ಕಾರು 2018ರಲ್ಲಿ ಬಂತು. ಹೆಸರು ಮಾತ್ರ ಹೇಳಿ ತರಿಸಿದರೆ ಬಂದದ್ದು ಕೂರಲ್ಲ. ಹಳೇ ಆರ್ಮನ್ನೇ ಬಿಚ್ಚಿ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗೋದು ಎಲ್ಲಕ್ಕಿಂತ ಖಾತ್ರಿ.

ಗುಜರಿಯ ಆರ್ಮ್ ಬಗ್ಗೆ ಒಂದು ಮಾತು. ಮಾರುತಿ 800, ಅಂಬಾಸಿಡರ್ ಎರಡೂ 2014ರಲ್ಲಿ ನಿಂತವು. 800ರ ಸಾಮಾನು ಇನ್ನೂ ಸಲೀಸಾಗಿ ಸಿಗುತ್ತೆ, ಅಂಬಾಸಿಡರಿಗೆ ಗುಜರಿ ಹುಡುಕಬೇಕಾಗಬಹುದು. ಗುಜರಿಯಲ್ಲಿ ಪೇಂಟ್ ನೋಡಬೇಡಿ, ಬುಡದ ತೂತಿನೊಳಗೆ ಬೆರಳು ಹಾಕಿ ಸವರಿ. ಹಲ್ಲು ಬೆರಳಿಗೆ ಚುಚ್ಚಿದ ಹಾಗೆ ಸಿಕ್ಕರೆ ತಗೊಳ್ಳಿ, ನುಣ್ಣಗಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಲಿಂಕೇಜ್: ಬುಷ್ ಮಾತ್ರವೋ, ಪೂರ್ತಿ ಸೆಟ್ಟೋ

ಮೋಟರಿನ ಕ್ರ್ಯಾಂಕಿನಿಂದ ಎರಡೂ ಸ್ಪಿಂಡಲಿಗೆ ಹೋಗೋ ರಾಡುಗಳ ತುದಿಯಲ್ಲಿ ನೈಲಾನಿನ ಚಿಕ್ಕ ಬಟ್ಟಲುಗಳಿರುತ್ತವೆ, ಅವು ಉಕ್ಕಿನ ಗುಂಡಿನ ಮೇಲೆ ಕೂತು ತಿರುಗುತ್ತವೆ. ಗ್ರೀಸ್ ಒಣಗಿದರೆ ನೈಲಾನ್ ಸವೆದು ಅಗಲವಾಗುತ್ತೆ. ಇದೇ ಬುಷ್. ಬುಷ್ ಮಾತ್ರ ಬದಲಿಸಿದರೆ ಸಾಮಾನಿಗೆ ಖರ್ಚು ತೀರಾ ಕಮ್ಮಿ, ಕೂಲಿಯೇ ಜಾಸ್ತಿ, ಯಾಕೆಂದರೆ ಗ್ಲಾಸಿನ ಕೆಳಗಿನ ಪ್ಲಾಸ್ಟಿಕ್ ಜಾಲರಿ ಬಿಚ್ಚಿ ಕೈ ತೂರಿಸಬೇಕು. ಪೂರ್ತಿ ಸೆಟ್ ಅಂದರೆ ನೂರರ ಲೆಕ್ಕ ಮುಗಿದು ಸಾವಿರದ ಲೆಕ್ಕ ಶುರುವಾಗುತ್ತೆ.

ತೀರ್ಮಾನ ಆ ಉಕ್ಕಿನ ಗುಂಡನ್ನು ನೋಡಿ ಮಾಡಬೇಕು. ಬಟ್ಟೆಯಲ್ಲಿ ಒರೆಸಿ ಉಗುರಿನಲ್ಲಿ ಗೀರಿ. ನುಣ್ಣಗೆ ಜಾರಿದರೆ ಬುಷ್ ಹಾಕಿಸಿ, ಗ್ರೀಸ್ ಹಚ್ಚಿ, ವರ್ಷಗಟ್ಟಲೆ ಬರುತ್ತೆ. ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ ಅದು ಹೊಸ ನೈಲಾನನ್ನು ಮರಳು ಕಾಗದ ಉಜ್ಜಿದ ಹಾಗೆ ತಿನ್ನುತ್ತೆ, ಆಗ ಸೆಟ್ಟೇ ಸರಿ. ಸ್ಪಿಂಡಲ್ ಅಡ್ಡಡ್ಡ ವಾಲಾಡುತ್ತಿದ್ದರೂ ಸೆಟ್ಟೇ. ಆ ಗೂಡು ಸವೆದ ಗಾಡಿಗಳಲ್ಲಿ ಮಳೆ ನೀರು ಸ್ಪಿಂಡಲ್ ಗುಂಟ ಇಳಿದು ಡ್ಯಾಶ್‌ಬೋರ್ಡ್ ಅಡಿಗೆ ಸೇರುತ್ತೆ. ಕಾಲ ಬುಡದ ಮ್ಯಾಟ್ ಒದ್ದೆಯಾಗೋದು ಎಲ್ಲಿಂದ ಅಂತ ತಿಳಿಯದೆ ಡೋರ್ ರಬ್ಬರ್ ಬದಲಿಸಿದವರಿದ್ದಾರೆ.

ಬುಷ್ ಹಾಕಿಸುವಾಗ ಮೇಸ್ತ್ರಿಗೆ ಒಂದು ಮಾತು ಹೇಳಿ: "ಅಣ್ಣಾ, ಮೋಟರಿನ ಕ್ರ್ಯಾಂಕ್ ನಟ್ ಬಿಚ್ಚಬೇಡಿ, ರಾಡ್ ಮಾತ್ರ ಬಾಲ್‌ನಿಂದ ಎಬ್ಬಿಸಿ." ಕ್ರ್ಯಾಂಕ್ ಬೇರೆ ಕೋನದಲ್ಲಿ ಕೂತರೆ ವೈಪರ್ ಗ್ಲಾಸಿನ ನಡುವೆ ಪಾರ್ಕ್ ಆಗೋಕೆ ಶುರುವಾಗುತ್ತೆ, ಅದನ್ನು ಸರಿ ಮಾಡೋದು ಇನ್ನೊಂದು ಕೆಲಸ. ಬಿಚ್ಚಲೇಬೇಕು ಅಂದರೆ ಮೊದಲು ಮಾರ್ಕರಿನಲ್ಲಿ ಗೆರೆ ಎಳೆದುಕೊಳ್ಳಲಿ. ಹಾಗೆಯೇ ಮೋಟರನ್ನು ಬಾಡಿಗೆ ಹಿಡಿಸಿರೋ ಬೋಲ್ಟುಗಳನ್ನು, ಅವುಗಳ ರಬ್ಬರ್ ಬುಷ್ಷನ್ನು ನೋಡಿಸಿ. ಅವು ಸಡಿಲಾದರೆ ಇಡೀ ಮೋಟರೇ ಓಲಾಡುತ್ತೆ, ಮೇಲೆ ಕೂತು ನೋಡೋರಿಗೆ ಎರಡೂ ವೈಪರ್ ಲೂಸಾದ ಹಾಗೆ ಕಾಣುತ್ತೆ. ಬಿಗಿ ಮಾಡಿದರೆ ಮುಗೀತು.

ಮೋಟರು ಕೆಟ್ಟು ಲೂಸಾಗೋದು ಅಪರೂಪ. ನಿಧಾನವಾಗಿದೆ, ಪಾರ್ಕ್ ಆಗಲ್ಲ, ಬಿಸಿಯಾಗುತ್ತೆ ಅನ್ನೋ ದೂರಿದ್ದರೆ ಮಾತ್ರ ಅದರ ಕಡೆ ನೋಡಿ.

ಯಾರ ಕೈಲಿ ಮಾಡಿಸೋದು

ಕ್ಲಿಪ್ಪು, ನಟ್ಟು, ಆರ್ಮು, ಇಷ್ಟನ್ನು ಪಾನಾ ಹಿಡಿಯೋ ಅಭ್ಯಾಸ ಇರೋರು ಮನೆ ಮುಂದೆಯೇ ಮಾಡಿಕೊಳ್ಳಬಹುದು. ಲಿಂಕೇಜನ್ನು ನಾನು ಗ್ಯಾರೇಜಿಗೆ ಬಿಡಿ ಅಂತೀನಿ. ಹಳೇ ಕಾರಿನ ಆ ಪ್ಲಾಸ್ಟಿಕ್ ಜಾಲರಿ ಬಿಸಿಲಿಗೆ ಒಣಗಿ ಹಪ್ಪಳವಾಗಿರುತ್ತೆ, ಅಭ್ಯಾಸ ಇಲ್ಲದ ಕೈಗೆ ಕ್ಲಿಪ್ ಸಮೇತ ಮುರಿದು ಬರುತ್ತೆ.

ಕಂಪನಿ ಸರ್ವೀಸ್ ಸೆಂಟರಿನಲ್ಲಿ ಒರಿಜಿನಲ್ ಸಾಮಾನು ಸಿಗೋ ಭರವಸೆ ಹೆಚ್ಚು, ಆದರೆ ಬುಷ್ ಮಾತ್ರ ಹಾಕೋ ಕೆಲಸಕ್ಕೆ ಅವರು ಸಾಮಾನ್ಯವಾಗಿ ಒಪ್ಪಲ್ಲ, ಪೂರ್ತಿ ಸೆಟ್ಟಿನ ಎಸ್ಟಿಮೇಟೇ ಬರುತ್ತೆ. ದಾವಣಗೆರೆ ಪಿ.ಬಿ. ರಸ್ತೆಯ ಹಳೇ ಮೇಸ್ತ್ರಿಗಳಿಗೆ 800, ಜೆನ್, ಇಂಡಿಕಾ ಅಂಗೈ ಗೆರೆಯಷ್ಟು ಪರಿಚಯ. ಬುಷ್ ಕೆಲಸಕ್ಕೆ ಅವರೇ ಸರಿ. ಆನ್‌ಲೈನಿನಲ್ಲಿ ಬ್ಲೇಡ್ ತರಿಸೋದಕ್ಕೆ ಅಡ್ಡಿಯಿಲ್ಲ. ಆರ್ಮ್ ತರಿಸುವಾಗ ಹುಷಾರು, ಸ್ಟೀರಿಂಗ್ ಎಡಕ್ಕಿರೋ ದೇಶಗಳ ಆರ್ಮ್ ಚಿತ್ರದಲ್ಲಿ ಒಂದೇ ಥರ ಕಾಣುತ್ತೆ, ಗ್ಲಾಸಿನ ಮೇಲೆ ಬಾಗು ಉಲ್ಟಾ ಬರುತ್ತೆ.

ಇನ್ನು ಬಳಕೆ ನೋಡಿ ನಿರ್ಧರಿಸಿ. ಸಂತೆಗೆ, ಹೊಲಕ್ಕೆ, ಮಗಳನ್ನು ಕಾಲೇಜಿಗೆ ಬಿಡೋಕೆ ಹಗಲು ಹೊತ್ತು ಊರೊಳಗೆ ಓಡೋ ಗಾಡಿಗೆ ಸ್ವಚ್ಛ ಮಾಡಿ ಬಿಗಿ ಮಾಡಿದ ನಟ್ಟು, ಒಂದು ಜೊತೆ ಸಾದಾ ಬ್ಲೇಡು ಸಾಕು. ಹಲ್ಲು ಸವೆದಿದ್ದರೆ ಗುಜರಿಯ ಒಳ್ಳೆ ಆರ್ಮ್ ಆದೀತು. ಬೆಂಗಳೂರಿಗೋ ಹುಬ್ಬಳ್ಳಿಗೋ ರಾತ್ರಿ ಹೆದ್ದಾರಿ ಹಿಡಿಯೋ ಗಾಡಿಗೆ ಡ್ರೈವರ್ ಕಡೆಯ ಆರ್ಮ್ ಹೊಸದೇ ಇರಲಿ, ಬುಷ್ಷಿನಲ್ಲಿ ಟಕ್ ಸದ್ದು ಕೇಳಿಸಿದ ಕೂಡಲೇ ಮಾಡಿಸಿ. ನ್ಯಾನೋದಂಥ ಒಂದೇ ವೈಪರಿನ ಕಾರಿಗಂತೂ ತಾತ್ಕಾಲಿಕ ರಿಪೇರಿಯ ಮಾತೇ ಬೇಡ, ಅದೊಂದು ಕೈಕೊಟ್ಟರೆ ಇನ್ನೊಂದಿಲ್ಲ.

ಎರಡು ವೈಪರಿನ ಕಾರಿನಲ್ಲಿ ನಡುದಾರಿಯಲ್ಲಿ ಡ್ರೈವರ್ ಕಡೆಯದು ಹೋದರೆ, ಗಾಡಿಯನ್ನು ಪೂರ್ತಿ ರಸ್ತೆಯಿಂದ ಕೆಳಗಿಳಿಸಿ, ಎಡಗಡೆಯ ಆರ್ಮ್ ಬಿಚ್ಚಿ ಬಲಗಡೆ ಕೂರಿಸಿ ನೋಡಬಹುದು. ಸಾಮಾನ್ಯವಾಗಿ ಹಲ್ಲು ಹೊಂದುತ್ತೆ, ಬಾಗು ಮಾತ್ರ ವ್ಯತ್ಯಾಸ ಇರಬಹುದು. ಹಾಗಾಗಿ ನಿಧಾನದ ಸ್ಪೀಡಿನಲ್ಲಿ ಒಂದು ಸಲ ಆಡಿಸಿ, ಪಿಲ್ಲರಿಗೆ ತಾಗಲ್ಲ ಅಂತ ಖಾತ್ರಿ ಮಾಡಿಕೊಂಡು ಹೊರಡಿ. ಖಾಲಿ ಬಿಟ್ಟ ಸ್ಪಿಂಡಲಿಗೆ ಒಂದು ಪ್ಲಾಸ್ಟಿಕ್ ಕವರ್ ಸುತ್ತಿ.

ಆರ್‌ಟಿಒ ಲೆಕ್ಕವೂ ಇದೆ. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಮೊದಲು ಗಾಡಿಯನ್ನು ತಪಾಸಣೆಗೆ ನಿಲ್ಲಿಸಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 101ನೇ ನಿಯಮ ಸರಿಯಾಗಿ ಕೆಲಸ ಮಾಡೋ ವೈಪರ್ ಇರಲೇಬೇಕು ಅನ್ನುತ್ತೆ. ದಾವಣಗೆರೆಯ ಕೆಎ 17 ಇರಲಿ, ಚಿತ್ರದುರ್ಗದ ಕೆಎ 16 ಇರಲಿ, ಹೇಗೂ ಹೋಗೋದಿದ್ದರೆ ಅದಕ್ಕೂ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ.

ಯಾವ ರಿಪೇರಿಯಾದರೂ ಮುಗಿದ ಮೇಲೆ ಒಣ ಗ್ಲಾಸಿನ ಮೇಲೆ ವೈಪರ್ ಆಡಿಸಿ ನೋಡಬೇಡಿ. ಒಂದು ಬಕೆಟ್ ನೀರು ಹೊಯ್ದು ಮೊದಲು ನಿಧಾನದಲ್ಲಿ, ಆಮೇಲೆ ಜೋರಿನಲ್ಲಿ ಆಡಿಸಿ, ಟೇಪಿನ ಗುರುತಿಗೆ ಬಂದು ನಿಲ್ಲುತ್ತಾ ನೋಡಿ. ಹೊಸದಾಗಿ ಕೂರಿಸಿದ ಆರ್ಮಿನ ಹಲ್ಲು ಕೆಲವು ದಿನದ ಓಟದಲ್ಲಿ ಇನ್ನಷ್ಟು ಒಳಗೆ ಕೂರುತ್ತೆ, ನಟ್ಟು ಒಂದೆಳೆ ಸಡಿಲಾಗುತ್ತೆ. ಒಂದು ವಾರ ಬಿಟ್ಟು ಕ್ಯಾಪ್ ಎತ್ತಿ ಪಾನಾ ಹಾಕಿ ಇನ್ನೊಮ್ಮೆ ಬಿಗಿ ಮಾಡಿಕೊಳ್ಳಿ.